ಪಾರ್ಶ್ವವಾಯುವಿನ ನಂತರ ಕೈಗೆ ಕಂಪ್ಯೂಟರ್ ಆಟ: ಮನೆಯಲ್ಲಿ ಆಡಿಸಿದವರು ಅನುಭವ ಹೇಳಿ

ಧಾರವಾಡದವ: ಅಮ್ಮನಿಗೆ ಪಾರ್ಶ್ವವಾಯು ಬಡಿದು ಎಂಟು ತಿಂಗಳಾಯಿತು. ಬಲಗೈ ಭುಜದ ಮಟ್ಟಕ್ಕೆ ಏಳುತ್ತದೆ. ಬೆರಳು ಮಡಚುತ್ತವೆ, ಬಿಚ್ಚುವುದೇ ಕಷ್ಟ. ವ್ಯಾಯಾಮ ಎಂದರೆ ಮುಖ ತಿರುಗಿಸುತ್ತಾರೆ. ಮನೆಯ ಲ್ಯಾಪ್‌ಟಾಪ್‌ನಲ್ಲೇ ಆಡಿಸಬಹುದೇ? ಬೇರೇನಾದರೂ ಕೊಳ್ಳಬೇಕೇ?

ಹಾಸನದ ಅಳಿಯ: ಕಿನೆಕ್ಟ್ ಮಾತ್ರ ಬೇಡ, ಅದೇ ಮೈಯ ಚಲನೆ ನೋಡಿ ಆಟ ಆಡಿಸುವ ಕ್ಯಾಮೆರಾ. ಮಾವನವರಿಗೆಂದು ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರದ ಹಳೆಯ ಕಿನೆಕ್ಟ್ ತಂದೆ. ಅದಕ್ಕೆ 3,200 ರೂಪಾಯಿ, ಲ್ಯಾಪ್‌ಟಾಪ್‌ಗೆ ಜೋಡಿಸುವ ಅಡಾಪ್ಟರ್‌ಗೆ 1,450, ಅದು ಸುಟ್ಟ ಮೇಲೆ ಇನ್ನೊಂದಕ್ಕೆ 1,600, ಕೊರಿಯರ್‌ಗೆ 180. ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ. ಕಂಪನಿ 2017ರಲ್ಲೇ ಕಿನೆಕ್ಟ್ ತಯಾರಿಕೆ ನಿಲ್ಲಿಸಿದೆ, ರಿಪೇರಿಗೆ ಯಾರ ಹತ್ತಿರ ಹೋಗುವುದು? ಆರಡಿ ದೂರ ನಿಂತು ಆಡಬೇಕು. ಅದಕ್ಕಾಗಿ ಹಜಾರದ ದಿವಾನ್ ಹೊರಗೆ ಹಾಕಿದೆವು. ಮಳೆಗೆ ಕೆಟ್ಟಿತೆಂದು ಅತ್ತೆ ಈಗಲೂ ಗೊಣಗುತ್ತಾರೆ. ಇಷ್ಟೆಲ್ಲ ಮಾಡಿದರೂ ಆ ಯಂತ್ರಕ್ಕೆ ತೋಳು ಕಾಣುತ್ತದೆಯೇ ಹೊರತು ಬೆರಳು ಕಾಣುವುದಿಲ್ಲ. ಮಾವ ಮುಷ್ಟಿ ಬಿಗಿದುಕೊಂಡೇ ಇಡೀ ಮೈ ವಾಲಿಸಿ ಬಲೂನು ಒಡೆಯುತ್ತಿದ್ದರು. ಅಂಕ ಏರಿತು, ಬೆರಳು ಇದ್ದ ಹಾಗೇ ಇವೆ.

ಮಲೆನಾಡಿನವಳು: ವಾಲಲು ಬಿಟ್ಟವರು ಯಾರು ಸ್ವಾಮಿ? ನಮ್ಮ ಯಜಮಾನರ ಎದೆಗೆ ದುಪ್ಪಟ್ಟ ಸುತ್ತಿ, ಕುರ್ಚಿಯ ಬೆನ್ನಿಗೆ ಕಟ್ಟಿ ಆಡಿಸಿದ್ದೇನೆ. ನಮ್ಮದು ಲೀಪ್ ಮೋಷನ್, ಕೈಯ ಚಲನೆ ನೋಡುವ ಪುಟ್ಟ ಸಾಧನ, ಬೆರಳನ್ನೂ ಗುರುತಿಸುತ್ತದೆ. ತಮ್ಮ ಅಮೆರಿಕದಿಂದ ತಂದುಕೊಟ್ಟ. ಬಿಸಿಲು ಬಿದ್ದರೆ ಅದಕ್ಕೆ ಕಣ್ಣು ಕಾಣುವುದಿಲ್ಲ, ಕಿಟಕಿ ಪರದೆಗೆ 2,100 ರೂಪಾಯಿ ಸುರಿದೆ. ಮುಷ್ಟಿ ಕಟ್ಟಿದ ಕೈಯನ್ನು ಕೈಯೆಂದೇ ಒಪ್ಪುವುದಿಲ್ಲ. ಆಗೆಲ್ಲ ಅವರ ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಗ್ಗಿಸಿ, ಬೆರಳು ಸಡಿಲಾದ ಮೇಲೆ ಹೆಬ್ಬೆರಳನ್ನು ಬುಡದಿಂದ ಬಿಡಿಸಿ, ಆಮೇಲೆ ಆಟ ಶುರುಮಾಡಬೇಕು. ಈಗ ಅಂಗಿಯ ಗುಂಡಿಗಳನ್ನು ಅವರೇ ಹಾಕಿಕೊಳ್ಳುತ್ತಾರೆ, ಕೊರಳಿನದೊಂದು ಬಿಟ್ಟು.

ನಿವೃತ್ತ ಮೇಷ್ಟ್ರು: ದುಡ್ಡು ಹೆಚ್ಚಾಗಿದ್ದರೆ ಏನು ಬೇಕಾದರೂ ಕೊಳ್ಳಿ. ಟೊರಾಂಟೊದ ವೈದ್ಯರ ಮುಂದಾಳತ್ವದ ಅಧ್ಯಯನವೊಂದು 2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. 141 ರೋಗಿಗಳಲ್ಲಿ ಒಂದು ಗುಂಪಿಗೆ ನಿಂಟೆಂಡೊ ವೀ ಎಂಬ ವಿಡಿಯೊ ಆಟದ ಯಂತ್ರ, ಇನ್ನೊಂದಕ್ಕೆ ಇಸ್ಪೀಟು, ಬಿಂಗೊ, ಚೆಂಡಾಟದಂಥವು. ಕೈಯ ಚೇತರಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನನ್ನ ಎಡಗೈ ಚೇತರಿಸಿದ್ದು ಅಳಗುಳಿಮಣೆಯಿಂದ. ಗುಳಿಯ ತಳದಿಂದ ಹುಣಸೆಬೀಜ ಎತ್ತಲು ಹೆಬ್ಬೆರಳೂ ತೋರುಬೆರಳೂ ಕೂಡಲೇಬೇಕು, ಮೈ ವಾಲಿಸಿ ಪ್ರಯೋಜನವಿಲ್ಲ. ಮಣೆ ಅಜ್ಜಿಯದು, ಖರ್ಚು ಸೊನ್ನೆ.

ಮಲೆನಾಡಿನವಳು: ಅರ್ಧ ಓದಿ ಪಾಠ ಹೇಳಬೇಡಿ ಮೇಷ್ಟ್ರೇ. ಆ ರೋಗಿಗಳು ಪಾರ್ಶ್ವವಾಯುವಾಗಿ ಮೂರು ತಿಂಗಳೊಳಗಿನವರು, ಆಡಿಸಿದ್ದು ಎರಡು ವಾರದಲ್ಲಿ ಹತ್ತು ಬಾರಿ. ಎರಡೂ ಗುಂಪಿಗೆ ಮಾಮೂಲಿ ಚಿಕಿತ್ಸೆಯೂ ನಡೆದಿತ್ತು. ವೀ ರಿಮೋಟ್ ಹಿಡಿದು ಬೀಸುವುದಕ್ಕೂ ಬೆರಳು ಬಿಚ್ಚುವುದಕ್ಕೂ ಏನು ಸಂಬಂಧ? ನಿಮಗೆ ಬೀಜ ಎತ್ತುವಷ್ಟು ಶಕ್ತಿ ಮೊದಲೇ ಇತ್ತು. ನಮ್ಮವರಿಗೆ ಇರಲಿಲ್ಲ.

ನಿವೃತ್ತ ಮೇಷ್ಟ್ರು: ನನ್ನ ಕೈಯಲ್ಲಿ ಏನಿತ್ತೆಂದು ನಿಮಗೇನು ಗೊತ್ತು? ಕಾಫಿ ಲೋಟ ಹಿಡಿಯಲು ಆಗುತ್ತಿರಲಿಲ್ಲ.

ಫಿಸಿಯೋ, ಮೈಸೂರು: ಜಗಳ ಆಮೇಲೆ ಆಡಿ. ಭುಜದ ಕೀಲು ಜಾರಿದೆಯೇ ಎಂದು ಪರೀಕ್ಷಿಸದೆ ಕೈ ಬೀಸಿಸುವ ಆಟ ಆಡಿಸಬಾರದು. ನೋವೆಂದು ಬರುವವರಲ್ಲಿ ಇಂಥವರನ್ನು ನೋಡಿ ಸಾಕಾಗಿದೆ.

ಹಾಸನದ ಅಳಿಯ: ಸಾಕಾಗಿದ್ದರೆ ಮನೆಗೆ ಬಂದು ನೋಡಬೇಕಿತ್ತು. ಒಂದು ಭೇಟಿಗೆ 700 ಕೊಟ್ಟರೆ ಕಾಲು ಗಂಟೆ ಕೈ ಆಡಿಸಿ, ಉಳಿದ ಹೊತ್ತು ಮೊಬೈಲ್ ನೋಡುತ್ತಿದ್ದರು ನಮಗೆ ಸಿಕ್ಕವರು. ಅದಕ್ಕೇ ಯಂತ್ರಕ್ಕೆ ಹೋದದ್ದು.

ಧಾರವಾಡದವ: ಲ್ಯಾಪ್‌ಟಾಪ್‌ನ ಮೌಸ್‌ನಲ್ಲೇ ಏನಾದರೂ ಆಡಿಸಬಹುದೇ?

ಕರಾವಳಿ ಅಜ್ಜಿಯ ಮೊಮ್ಮಗ: ಮೇಷ್ಟ್ರೇ, ಗುಳಿಗೆ ಎಷ್ಟು ಬೀಜ ಹಾಕುತ್ತೀರಿ? ನಮ್ಮಲ್ಲಿ ನಾಲ್ಕು.

ನಿವೃತ್ತ ಮೇಷ್ಟ್ರು: ಐದು. ನಾಲ್ಕು ಹಾಕಿದರೆ ಆಟ ಬೇಗ ಮುಗಿಯುತ್ತದೆ, ಕೈಗೆ ಕೆಲಸವೇ ಸಿಗುವುದಿಲ್ಲ.

ಕರಾವಳಿ ಅಜ್ಜಿಯ ಮೊಮ್ಮಗ: ನಾಲ್ಕೇ ಸರಿ. ಐದು ಎಂದು ನಿಮಗೆ ಯಾರು ಕಲಿಸಿದರು?