ಭಿನ್ನರಾಶಿ ಕೂಡಿಸಲು ಬರುತ್ತದೆ, ಹೇಳಿಕೆ ಲೆಕ್ಕ ಬರುವುದಿಲ್ಲ: ಆರನೇ ತರಗತಿಯ ಮಗಳಿಗೆ ಅಭ್ಯಾಸ ಹೇಗೆ ಮಾಡಿಸಬೇಕು?

ಪ್ರಶ್ನೆ: ಸಿಂಧನೂರಿನ ಪಾಲಕರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಸಿಂಧನೂರು ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ, ಆರನೇ ತರಗತಿ ಓದುತ್ತಿದ್ದಾಳೆ. ಭಿನ್ನರಾಶಿಗಳನ್ನು ಕೂಡಿಸು, ಕಳೆ, ಗುಣಿಸು ಎಂದು ಬರೆದುಕೊಟ್ಟರೆ ಅವಳಿಗೆ ತೊಂದರೆಯೇ ಇಲ್ಲ. 1/2 + 1/3 ಎಂದರೆ ಲ.ಸಾ.ಅ. 6 ತೆಗೆದು, ಕ್ಷಣದಲ್ಲಿ 5/6 ಎಂದು ಬರೆದು ಮುಗಿಸುತ್ತಾಳೆ. ಅದೇ ಲೆಕ್ಕ ನಾಲ್ಕು ಸಾಲಿನ ಮಾತಿನಲ್ಲಿ ಬಂದರೆ ಮಾತ್ರ, ಇದು ಕೂಡಿಸುವುದೋ ಕಳೆಯುವುದೋ ಎಂದು ನನ್ನನ್ನೇ ಕೇಳುತ್ತಾಳೆ.

ಕಳೆದ ಕಿರುಪರೀಕ್ಷೆಯಲ್ಲಿ ಬಂದ ಲೆಕ್ಕ ಹೀಗಿತ್ತು: "ಒಬ್ಬ ರೈತನಿಗೆ 6 ಎಕರೆ ಹೊಲವಿದೆ. ಅದರ ಅರ್ಧ ಭಾಗದಲ್ಲಿ ಹತ್ತಿ ಬಿತ್ತಿದನು. ಉಳಿದುದರ ಮೂರನೇ ಒಂದು ಭಾಗದಲ್ಲಿ ತೊಗರಿ ಬಿತ್ತಿದನು. ಜೋಳಕ್ಕೆ ಎಷ್ಟು ಎಕರೆ ಉಳಿಯಿತು?" ಅವಳು 1 ಎಕರೆ ಎಂದು ಬರೆದಿದ್ದಳು. ನಕ್ಷೆಗಳಲ್ಲಿಯೂ ಇದೇ ಕಥೆ. ಸ್ತಂಭಾಲೇಖವನ್ನು ಬಣ್ಣ ತುಂಬಿ ಅಚ್ಚುಕಟ್ಟಾಗಿ ಬರೆಯುತ್ತಾಳೆ. ಆದರೆ ಸ್ತಂಭದ ತುದಿ ಎರಡು ಗೆರೆಗಳ ನಡುವೆ ಬಂದು ನಿಂತರೆ ಅದರ ಬೆಲೆ ಎಷ್ಟೆಂದು ಓದಲು ಬರುವುದಿಲ್ಲ.

ಪಟ್ಟಣದಿಂದ ಒಂದು ಅಭ್ಯಾಸ ಪುಸ್ತಕ ತಂದುಕೊಟ್ಟಿದ್ದೇನೆ. ಅದರಲ್ಲಿ ಪುಟದ ತುಂಬ ಒಂದೇ ಬಗೆಯ ಲೆಕ್ಕಗಳಿವೆ, ಅವನ್ನೆಲ್ಲ ಸರಿಯಾಗಿಯೇ ಮಾಡಿದ್ದಾಳೆ. ಮನೆಯಲ್ಲಿ ನಾವಿಬ್ಬರೂ ಹತ್ತನೇ ತರಗತಿಯವರೆಗೆ ಮಾತ್ರ ಓದಿದವರು. ಇನ್ನಷ್ಟು ಲೆಕ್ಕ ಮಾಡಿಸಬೇಕೋ, ಬೇರೆ ಬಗೆಯಲ್ಲಿ ಮಾಡಿಸಬೇಕೋ, ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಶಿಕ್ಷಕ, ಲಿಂಗಸುಗೂರು

ತಾಯಿ, ನಿಮ್ಮ ಮಗಳ ಉತ್ತರವನ್ನು ತಪ್ಪೆಂದು ಗೀಟು ಹಾಕಿ ಬಿಡುವ ಮೊದಲು ಅದು ಎಲ್ಲಿಂದ ಬಂತೆಂದು ನೋಡೋಣ. ಅವಳು 1/2 ಮತ್ತು 1/3 ಕೂಡಿಸಿ 5/6 ಮಾಡಿದ್ದಾಳೆ. 6 ಎಕರೆಯ 5/6 ಎಂದರೆ 5 ಎಕರೆ. ಉಳಿದದ್ದು 1 ಎಕರೆ. ಗಣಿತದ ಕ್ರಿಯೆಯಲ್ಲಿ ಒಂದು ತಪ್ಪೂ ಇಲ್ಲ. ತೊಗರಿಯ ಮೂರನೇ ಒಂದು ಭಾಗ ಯಾವುದರ ಭಾಗ ಎಂಬುದನ್ನು ಅವಳು ಕೇಳಿಕೊಳ್ಳಲಿಲ್ಲ, ಅಷ್ಟೇ. ಅರ್ಧವು ಇಡೀ 6 ಎಕರೆಯದು, ಮೂರನೇ ಒಂದು ಭಾಗವು ಉಳಿದ 3 ಎಕರೆಯದು. ಹಾಗಾಗಿ ಹತ್ತಿಗೆ 3, ತೊಗರಿಗೆ 1, ಜೋಳಕ್ಕೆ 2 ಎಕರೆ.

ಆದ್ದರಿಂದ ಲೆಕ್ಕಗಳ ಸಂಖ್ಯೆಯನ್ನು ಹೆಚ್ಚಿಸಬೇಡಿ. ಭಿನ್ನರಾಶಿ ಎದುರಾದಾಗಲೆಲ್ಲ "ಯಾವುದರ?" ಎಂದು ಕೇಳಿಸಿರಿ, ಅದರ ಉತ್ತರವನ್ನು ಅವಳು ಪೂರ್ಣ ವಾಕ್ಯದಲ್ಲಿ ಬರೆಯಲಿ: "ಮೂರನೇ ಒಂದು ಭಾಗ, ಹತ್ತಿ ಬಿತ್ತಿದ ಮೇಲೆ ಉಳಿದ ಹೊಲದ್ದು." ಈ ಒಂದು ವಾಕ್ಯ ಬರೆಯುವವರೆಗೆ ಕೂಡಿಸುವ, ಕಳೆಯುವ ಮಾತೇ ಬೇಡ. ಈ ಕಷ್ಟ ಇಂದಿನ ಮಕ್ಕಳಿಗೆ ಮಾತ್ರ ಬಂದದ್ದಲ್ಲ. ಒಂಬತ್ತನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ ಇದ್ದ ಗಣಿತಜ್ಞ ಮಹಾವೀರಾಚಾರ್ಯನು ಇಡಿಯ ಭಾಗಗಳನ್ನು ಕೇಳುವ ಲೆಕ್ಕಗಳನ್ನು ಒಂದು ವರ್ಗವಾಗಿಯೂ, ಉಳಿದುದರ ಭಾಗಗಳನ್ನು ಕೇಳುವ ಲೆಕ್ಕಗಳನ್ನು ಶೇಷಜಾತಿ ಎಂಬ ಬೇರೆ ವರ್ಗವಾಗಿಯೂ ಇಟ್ಟಿದ್ದಾನೆ. ಛೇದಗಳನ್ನು ಸಮ ಮಾಡಲು ಲ.ಸಾ.ಅ. ಬಳಸುವ ಕ್ರಮವನ್ನು ವಿವರಿಸಿದವನೂ ಅವನೇ. ಲ.ಸಾ.ಅ. ಕ್ರಮವನ್ನು ನಾವು ಚೆನ್ನಾಗಿ ಕಲಿಸುತ್ತೇವೆ, ಇಡಿಯ ಭಾಗವೋ ಉಳಿದುದರ ಭಾಗವೋ ಎಂಬ ಭೇದವನ್ನು ಮಕ್ಕಳು ತಾವಾಗಿಯೇ ಕಂಡುಕೊಳ್ಳಲಿ ಎಂದು ಬಿಡುತ್ತೇವೆ.

ಚಿತ್ರ ಬರೆಸುವಾಗ ವೃತ್ತ ಬೇಡ, ಆಯತ ಬರೆಸಿರಿ. ವೃತ್ತವನ್ನು ಕೈಯಿಂದ ಐದು ಸಮ ಭಾಗ ಮಾಡುವುದು ದೊಡ್ಡವರಿಗೂ ಕಷ್ಟ. ಆಯತದಲ್ಲಿ ಗೆರೆ ಎಳೆದರೆ ಮುಗಿಯಿತು. ಹೊಲವನ್ನು ಆಯತವಾಗಿ ಬರೆದು, ನಡುವೆ ಒಂದು ಅಡ್ಡಗೆರೆ ಎಳೆದು ಮೇಲಿನ ಅರ್ಧಕ್ಕೆ ಹತ್ತಿ ಎಂದು ಹೆಸರಿಡಲಿ. ಕೆಳಗಿನ ಅರ್ಧವನ್ನು ಉದ್ದಗೆರೆಗಳಿಂದ ಮೂರು ಭಾಗ ಮಾಡಿ ಒಂದಕ್ಕೆ ತೊಗರಿ ಎಂದು ಬರೆಯಲಿ. ಅದೇ ಉದ್ದಗೆರೆಗಳನ್ನು ಮೇಲಿನವರೆಗೂ ಎಳೆದರೆ ಇಡೀ ಹೊಲ ಆರು ಸಮ ಭಾಗವಾಗುತ್ತದೆ, ತೊಗರಿ ಅದರಲ್ಲಿ ಒಂದು. ಅರ್ಧದ ಮೂರನೇ ಒಂದು ಭಾಗ 1/6 ಏಕೆ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಗುಣಿಸುವ ನಿಯಮ ಎಲ್ಲಿಂದ ಬಂತು ಎಂಬುದು ಅಲ್ಲಿಯೇ ಕಣ್ಣಿಗೆ ಕಾಣುತ್ತದೆ. ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಲಿಕಾ ಸಾಮಗ್ರಿ ಪೆಟ್ಟಿಗೆ ಇದ್ದರೆ ಅದರೊಳಗಿನ ಭಿನ್ನರಾಶಿ ಪಟ್ಟಿಗಳನ್ನು ಒಮ್ಮೆ ತೋರಿಸುವಂತೆ ಗುರುಗಳನ್ನು ಕೇಳಿರಿ.

ಅಭ್ಯಾಸ ಪುಸ್ತಕದ ದೋಷ ಇನ್ನೊಂದಿದೆ. ಪುಟದ ಮೇಲೆ "ಭಿನ್ನರಾಶಿಗಳ ಸಂಕಲನ" ಎಂದು ತಲೆಬರಹವಿದ್ದರೆ ಮಗು ಏನನ್ನೂ ಓದಬೇಕಾಗಿಲ್ಲ. ಸಂಖ್ಯೆಗಳನ್ನು ಆರಿಸಿ ಕೂಡಿಸಿದರೆ ಉತ್ತರ ಬರುತ್ತದೆ. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ. ಬೇರೆ ಬೇರೆ ಪುಟಗಳಿಂದ ನಾಲ್ಕೈದು ಲೆಕ್ಕಗಳನ್ನು ಆಯ್ದು ಕಲಸಿ, ಬಿಳಿಹಾಳೆಯಲ್ಲಿ ಬರೆದುಕೊಡಿ. "ಒಟ್ಟು ಎಂದಿದ್ದರೆ ಕೂಡಿಸು, ಉಳಿದ ಎಂದಿದ್ದರೆ ಕಳೆ" ಎಂಬ ಗುರುತುಗಳನ್ನು ಯಾರಾದರೂ ಕಲಿಸಿದ್ದರೆ ಅವನ್ನು ಮರೆಸಿರಿ. "ಸಂತೆಯಲ್ಲಿ 45 ರೂಪಾಯಿ ಖರ್ಚಾದ ಮೇಲೆ 80 ರೂಪಾಯಿ ಉಳಿಯಿತು, ಮೊದಲು ಎಷ್ಟಿತ್ತು?" ಎಂಬ ಲೆಕ್ಕದಲ್ಲಿ ಉಳಿಯಿತು ಎಂಬ ಮಾತಿದೆ, ಮಾಡಬೇಕಾದದ್ದು ಸಂಕಲನ.

ಉತ್ತರ: ಅಡತಿ ಅಂಗಡಿ ಗುಮಾಸ್ತ, ಗಂಗಾವತಿ

ಗುರುಗಳ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. ಅರ್ಥ ಮುಖ್ಯ ಎಂದು ಹೇಳುತ್ತ ಹೇಳುತ್ತ ಮಗ್ಗಿಯನ್ನು ಕೈಬಿಟ್ಟ ಮಕ್ಕಳನ್ನು ನಾನು ದಿನವೂ ನೋಡುತ್ತೇನೆ. ನಮ್ಮ ಅಂಗಡಿಗೆ ಬರುವ ಹುಡುಗರಿಗೆ ಲೆಕ್ಕದ ದಾರಿ ಗೊತ್ತಿರುತ್ತದೆ, 7 ಎಂಟಲೆ ಎಷ್ಟೆಂದು ನೆನೆಯುವಷ್ಟರಲ್ಲಿ ದಾರಿಯೇ ಮರೆತು ಹೋಗಿರುತ್ತದೆ. 20ರವರೆಗಿನ ಮಗ್ಗಿ ನಾಲಿಗೆಯ ತುದಿಯಲ್ಲಿರಬೇಕು. ಹಿಂದಿನವರು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದರು; ಅದನ್ನು ಬಿಟ್ಟದ್ದು ನನ್ನ ಲೆಕ್ಕದಲ್ಲಿ ನಷ್ಟವೇ.

ಭಿನ್ನರಾಶಿಯ ಭಾಗಾಕಾರಕ್ಕೆ ನಮ್ಮ ಭಾಗದ ಭತ್ತದ ವ್ಯಾಪಾರಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯಲ್ಲಿ ಭತ್ತದ ಧಾರಣೆ ಹೇಳುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ, ಸರ್ಕಾರದ ಬೆಂಬಲ ಬೆಲೆ ಇರುವುದು ಕ್ವಿಂಟಲ್ ಲೆಕ್ಕದಲ್ಲಿ. ಒಂದು ಚೀಲವೆಂದರೆ ಕ್ವಿಂಟಲ್‌ನ ಮುಕ್ಕಾಲು ಭಾಗ. 30 ಕ್ವಿಂಟಲ್ ಭತ್ತವನ್ನು ಚೀಲಕ್ಕೆ ತುಂಬಿದರೆ ಎಷ್ಟು ಚೀಲ? 30 ÷ 3/4 = 40. ಭಾಗಿಸಿದ ಮೇಲೆ ಉತ್ತರ ದೊಡ್ಡದಾಯಿತಲ್ಲ ಎಂದು ಮಕ್ಕಳು ಗಾಬರಿಯಾಗುತ್ತಾರೆ. ಕ್ವಿಂಟಲ್‌ಗಿಂತ ಚೀಲ ಚಿಕ್ಕದು, ಆದ್ದರಿಂದ ಚೀಲಗಳ ಸಂಖ್ಯೆ 30ಕ್ಕಿಂತ ಹೆಚ್ಚಾಗಲೇಬೇಕು ಎಂದು ಮೊದಲೇ ಬಾಯಲ್ಲಿ ಹೇಳಿಸಿದರೆ ಗಾಬರಿ ಇರುವುದಿಲ್ಲ.

ಧಾರಣೆಯಲ್ಲಿಯೂ ಹಾಗೆಯೇ. ಚೀಲಕ್ಕೆ 1,800 ರೂಪಾಯಿ ಎಂದು ಇಟ್ಟುಕೊಳ್ಳಿ; ಕ್ವಿಂಟಲ್‌ಗೆ ಎಷ್ಟಾಯಿತು? 3/4ರಿಂದ ಗುಣಿಸಿದವನಿಗೆ 1,350 ಬರುತ್ತದೆ, ಭಾಗಿಸಿದವನಿಗೆ 2,400 ಬರುತ್ತದೆ. ಕ್ವಿಂಟಲ್ ದೊಡ್ಡದು, ಅದರ ಬೆಲೆ ಚೀಲದ ಬೆಲೆಗಿಂತ ಕಡಿಮೆ ಇರಲು ಸಾಧ್ಯವಿಲ್ಲ ಎಂದು ಗೊತ್ತಿದ್ದವನು 1,350 ಬರೆದು ಸುಮ್ಮನಿರುವುದಿಲ್ಲ. ಉತ್ತರ ಹೆಚ್ಚಾಗಬೇಕೋ ಕಡಿಮೆಯಾಗಬೇಕೋ ಎಂದು ಮೊದಲು ಅಂದಾಜು ಹೇಳಿಸಿ, ಆಮೇಲೆ ಪೆನ್ನು ಕೊಡಿ.

ಪ್ರಶ್ನೆ ಕೇಳಿದವರಿಂದ

ಗುರುಗಳಿಗೂ ಗಂಗಾವತಿಯ ಅಣ್ಣನವರಿಗೂ ಧನ್ಯವಾದಗಳು. ಆಯತದ ಚಿತ್ರ ಬರೆಸಿದಾಗ 2 ಎಕರೆ ಎಂಬ ಉತ್ತರ ತಾನಾಗಿಯೇ ಬಂತು, "ಯಾವುದರ?" ಎಂಬ ಪ್ರಶ್ನೆಯನ್ನು ಈಗ ಅವಳೇ ನನಗೆ ತಿರುಗಿ ಕೇಳುತ್ತಿದ್ದಾಳೆ. ಚೀಲದ ಲೆಕ್ಕವನ್ನು ಅವಳ ಅಪ್ಪ ಮಾಡಿಸುತ್ತಿದ್ದಾರೆ.

ಎರಡು ಸಂಗತಿಗಳು ಉಳಿದಿವೆ. ನಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ನಮ್ಮ ಹೊಲದ ಪಹಣಿಯಲ್ಲಿ 2-20 ಎಂದಿರುವುದನ್ನು ತೋರಿಸಿದರೆ ಅವಳು ಅದನ್ನು 2.20 ಎಂದು ದಶಮಾಂಶವಾಗಿ ಬರೆದುಕೊಂಡಳು. ಅದು 2 ಎಕರೆ 20 ಗುಂಟೆ ಎಂದು ನನಗೆ ಗೊತ್ತು, ದಶಮಾಂಶ ಏಕೆ ಅಲ್ಲ ಎಂದು ವಿವರಿಸಲು ಮಾತ್ರ ಬರಲಿಲ್ಲ.

ಉತ್ತರ: ಗಣಿತ ಶಿಕ್ಷಕಿ, ಬಳ್ಳಾರಿ

ಅಕ್ಕ, ನಕ್ಷೆಯ ತೊಂದರೆಯೂ ಭಿನ್ನರಾಶಿಯ ತೊಂದರೆಯೇ. ಪ್ರಮಾಣವನ್ನು 1 ಸೆಂ.ಮೀ. = 20 ವಿದ್ಯಾರ್ಥಿಗಳು ಎಂದು ತೆಗೆದುಕೊಂಡರೆ 50 ವಿದ್ಯಾರ್ಥಿಗಳ ಸ್ತಂಭ ಎರಡೂವರೆ ಸೆಂ.ಮೀ. ಎತ್ತರವಾಗುತ್ತದೆ. ನಕ್ಷೆ ಕಾಗದದಲ್ಲಿ ಒಂದು ಸೆಂ.ಮೀ. ಒಳಗೆ ಹತ್ತು ಸಣ್ಣ ಮನೆಗಳಿರುತ್ತವೆ, ಈ ಪ್ರಮಾಣದಲ್ಲಿ ಒಂದೊಂದು ಸಣ್ಣ ಮನೆ 2 ವಿದ್ಯಾರ್ಥಿಗಳು. ಸ್ತಂಭ ಬರೆಯಿಸುವುದನ್ನು ಕೆಲವು ದಿನ ನಿಲ್ಲಿಸಿ, ಬರೆದಿರುವ ನಕ್ಷೆಯನ್ನು ಓದಿಸಿರಿ. ಮೊದಲ ಪ್ರಶ್ನೆ ಯಾವಾಗಲೂ ಒಂದೇ ಇರಲಿ: ಒಂದು ಸಣ್ಣ ಮನೆಯ ಬೆಲೆ ಎಷ್ಟು? ನಕ್ಷೆಗಳನ್ನು ಬಣ್ಣಕ್ಕೆ ಅಂಕ ಕೊಟ್ಟು ಕಲಿಸುವುದರಿಂದಲೇ ಮಕ್ಕಳು ಬಣ್ಣ ತುಂಬುವುದರಲ್ಲಿ ಜಾಣರಾಗುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಅಂಕಿಗಳಿಗೆ ದೂರ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದ ನೀರಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವುಗಳನ್ನು ನಮ್ಮ ಭಾಗದ ಪತ್ರಿಕೆಗಳು ದಿನವೂ ಪ್ರಕಟಿಸುತ್ತವೆ. ಒಂದು ವಾರದ ಮಟ್ಟವನ್ನು ಬರೆದಿಟ್ಟುಕೊಂಡು ರೇಖಾನಕ್ಷೆ ಮಾಡಿಸಿರಿ. ಜಲಾಶಯದ ಗರಿಷ್ಠ ಮಟ್ಟ 1,633 ಅಡಿ. ಮಟ್ಟ ತೋರಿಸುವ ಲಂಬ ಅಕ್ಷವನ್ನು ಸೊನ್ನೆಯಿಂದ ಆರಂಭಿಸಿದರೆ ವಾರದಲ್ಲಿ ಐದಾರು ಅಡಿ ಏರಿದ್ದು ಕಾಣುವುದೇ ಇಲ್ಲ, ಗೆರೆ ನೇರವಾಗಿ ಮಲಗಿರುತ್ತದೆ. 1,600ರಿಂದ ಆರಂಭಿಸಿದರೆ ಏರಿಕೆ ಸ್ಪಷ್ಟವಾಗಿ ತೋರುತ್ತದೆ. ರೇಖಾನಕ್ಷೆಯಲ್ಲಿ ಹೀಗೆ ಮಾಡಬಹುದು, ಆದರೆ ಎಲ್ಲಿಂದ ಆರಂಭ ಎಂಬುದನ್ನು ಬರೆದು ತೋರಿಸಬೇಕು. ಸ್ತಂಭಾಲೇಖದಲ್ಲಿ ಹೀಗೆ ಮಾಡಬಾರದು, ಏಕೆಂದರೆ ಅಲ್ಲಿ ಕಣ್ಣು ಸ್ತಂಭದ ಪೂರ್ತಿ ಎತ್ತರವನ್ನೇ ಹೋಲಿಸುತ್ತದೆ. 90 ಮತ್ತು 100ರ ಸ್ತಂಭಗಳನ್ನು 80ರಿಂದ ಆರಂಭಿಸಿ ಬರೆದರೆ ಎರಡನೆಯದು ಮೊದಲನೆಯದರ ಎರಡರಷ್ಟು ಎತ್ತರ ಕಾಣುತ್ತದೆ. ಇದನ್ನು ಎರಡು ರೀತಿಯಲ್ಲಿಯೂ ಬರೆಸಿ, ನೋಡಿದ ತಕ್ಷಣ ಏನು ಅನ್ನಿಸುತ್ತದೆ ಎಂದು ಕೇಳಿರಿ.

ಅದೇ ಅಂಕಿಗಳಿಂದ ಹೇಳಿಕೆ ಲೆಕ್ಕಗಳೂ ಹುಟ್ಟುತ್ತವೆ. ಜಲಾಶಯ ಕಟ್ಟಿದಾಗ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು, ಹೂಳು ತುಂಬಿ ಈಗ ಸುಮಾರು 106 ಟಿ.ಎಂ.ಸಿ. ಆಗಿದೆ, ಹೂಳು ನುಂಗಿದ್ದು ಎಷ್ಟನೇ ಭಾಗ? ಕಳೆದರೆ 27 ಬರುತ್ತದೆ, ಅದು 133ರ ಸುಮಾರು ಐದನೇ ಒಂದು ಭಾಗ. ಇಲ್ಲಿಯೂ ಗುರುಗಳ ಪ್ರಶ್ನೆಯೇ ಬರುತ್ತದೆ: 133ರ ಭಾಗವೋ, 106ರ ಭಾಗವೋ? 106ರಿಂದ ಭಾಗಿಸಿದ ಮಗುವಿಗೆ ನಾಲ್ಕನೇ ಒಂದು ಭಾಗ ಎಂಬ ಉತ್ತರ ಬಂದು, ಅದು ಸರಿಯೇ ಇರಬೇಕೆಂದು ಅನ್ನಿಸುತ್ತದೆ.

ಹರಿವಿನ ಲೆಕ್ಕ ಸ್ವಲ್ಪ ದೊಡ್ಡದು, ಎಂಟನೇ ತರಗತಿಯ ಹೊತ್ತಿಗೆ ಮಾಡಿಸಬಹುದು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ದಿನಕ್ಕೆ 86,400 ಸೆಕೆಂಡುಗಳು, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಒಳಹರಿವು 50,000 ಕ್ಯುಸೆಕ್, ಹೊರಹರಿವು 20,000 ಕ್ಯುಸೆಕ್ ಇದ್ದರೆ ಒಂದು ದಿನದಲ್ಲಿ ಸುಮಾರು 2.6 ಟಿ.ಎಂ.ಸಿ. ಸೇರುತ್ತದೆ. ನಿಮ್ಮ ಮಗಳಿಗೆ ಈಗ ವ್ಯತ್ಯಾಸ 30,000 ಎಂದು ಕಂಡರೆ ಸಾಕು.

ಉತ್ತರ: ನಿವೃತ್ತ ಶಿಕ್ಷಕ, ಲಿಂಗಸುಗೂರು

ಮಗ್ಗಿಯ ವಿಷಯದಲ್ಲಿ ಗಂಗಾವತಿಯವರ ತಕರಾರನ್ನು ಒಪ್ಪಿದ್ದೇನೆ. ದಿನಕ್ಕೆ ಹತ್ತು ನಿಮಿಷ ಅದಕ್ಕೆ ಮೀಸಲಿರಲಿ.

ಪಹಣಿಯ ಬಗ್ಗೆ: ದಶಮಾಂಶದಲ್ಲಿ ಬಿಂದುವಿನ ಬಲಕ್ಕೆ ಬರುವುದು ಹತ್ತನೇ, ನೂರನೇ ಭಾಗಗಳು. ಪಹಣಿಯಲ್ಲಿ ಗೀಟಿನ ಬಲಕ್ಕೆ ಬರುವುದು ನಲವತ್ತನೇ ಭಾಗಗಳು, ಏಕೆಂದರೆ ಒಂದು ಎಕರೆಗೆ 40 ಗುಂಟೆ. ಆದ್ದರಿಂದ 2-20 ಎಂದರೆ 2 ಮತ್ತು 20/40, ಅಂದರೆ ಎರಡೂವರೆ ಎಕರೆ, ದಶಮಾಂಶದಲ್ಲಿ 2.5. ಗೀಟಿನ ಬಲಕ್ಕೆ ಎಂದಿಗೂ 40 ಅಥವಾ ಅದಕ್ಕಿಂತ ಹೆಚ್ಚು ಬರುವುದಿಲ್ಲ ಎಂಬುದನ್ನು ನಿಮ್ಮ ಬಳಿಯ ಪಹಣಿಗಳಲ್ಲಿ ಅವಳೇ ಹುಡುಕಿ ನೋಡಲಿ. ಆಮೇಲೆ 2-20 ಮತ್ತು 3-30 ಎರಡು ಹೊಲಗಳನ್ನು ಕೂಡಿಸಲು ಕೊಡಿ. ಗುಂಟೆಗಳು ಸೇರಿ 50 ಆಗುತ್ತವೆ. ಅದರಲ್ಲಿ 40 ತೆಗೆದು ಒಂದು ಎಕರೆ ಮಾಡಿದರೆ 6-10. ಅದನ್ನೇ ದಶಮಾಂಶದಲ್ಲಿ 2.5 + 3.75 = 6.25 ಎಂದು ಮಾಡಿಸಿ, 10 ಗುಂಟೆ ಎಕರೆಯ ಕಾಲು ಭಾಗವಾದ್ದರಿಂದ ಎರಡೂ ಒಂದೇ ಎಂದು ತಾಳೆ ನೋಡಿಸಿರಿ.