ಇಂಡಕ್ಷನ್ ಒಲೆ: ಹೊಸ ಐಜಿಬಿಟಿ ಹಾಕಿದರೂ ಮತ್ತೆ ಸುಟ್ಟುಹೋಗುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಐದು ವರ್ಷಗಳಿಂದ ಬಳಸುತ್ತಿದ್ದ 2000 ವಾಟ್‌ನ ಇಂಡಕ್ಷನ್ ಒಲೆ ಕಳೆದ ತಿಂಗಳು ಹಾಲು ಕಾಯಿಸುತ್ತಿದ್ದಾಗ ಪಟಾರೆಂದು ಸದ್ದು ಮಾಡಿ ನಿಂತುಹೋಯಿತು. ಅದರೊಡನೆ ಅಡುಗೆಮನೆಯ ಎಂಸಿಬಿಯೂ ಬಿದ್ದಿತು. ಬಿಚ್ಚಿ ನೋಡಿದಾಗ ಫ್ಯೂಸ್ ಕಪ್ಪಾಗಿತ್ತು, ಐಜಿಬಿಟಿಯ (ಒಲೆಯ ಕರೆಂಟನ್ನು ಅತಿವೇಗವಾಗಿ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಮೂರೂ ಕಾಲುಗಳು ಒಂದಕ್ಕೊಂದು ಶಾರ್ಟ್ ಆಗಿದ್ದವು. ಎರಡನ್ನೂ ಬದಲಿಸಿ, ಬ್ರಿಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಸರಿಯಿದೆಯೆಂದು ಮೀಟರಿನಲ್ಲಿ ನೋಡಿಕೊಂಡು ಚಾಲೂ ಮಾಡಿದೆ. ಫ್ಯಾನ್ ತಿರುಗಿತು, ಒಲೆ ಪಾತ್ರೆಯನ್ನು ಗುರುತಿಸಿತು, ಅರ್ಧ ನಿಮಿಷ ನೀರೂ ಕಾಯಿತು. ಆಮೇಲೆ ಅದೇ ಸದ್ದು. ಮೂರನೆಯ ಐಜಿಬಿಟಿಯನ್ನು ತಂದಿಟ್ಟುಕೊಂಡಿದ್ದೇನೆ, ಹಾಕಲು ಧೈರ್ಯ ಬರುತ್ತಿಲ್ಲ. ನಮ್ಮಲ್ಲಿ ಸಂಜೆಯ ಹೊತ್ತು ವೋಲ್ಟೇಜ್ ಬಹಳ ಇಳಿಯುತ್ತದೆ. ಅದೇ ಕಾರಣವಿರಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ

ನಮಸ್ಕಾರ. ಮೂರನೆಯದನ್ನು ಹಾಕದೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಐಜಿಬಿಟಿ ತಾನಾಗಿ ಸಾಯುವುದು ಅಪರೂಪ. ಬೋರ್ಡಿನಲ್ಲಿ ಬೇರೆ ಏನೋ ಕೆಟ್ಟು ಅದನ್ನು ಕೊಂದಿರುತ್ತದೆ. ಆ ಕಾರಣ ಸಿಗುವವರೆಗೆ ಎಷ್ಟು ಹೊಸದನ್ನು ಹಾಕಿದರೂ ಸುಡುತ್ತಲೇ ಇರುತ್ತವೆ. ವೋಲ್ಟೇಜ್ ಇಳಿದರೆ ಬೋರ್ಡ್ ಅದನ್ನು ತಾನೇ ಗುರುತಿಸಿ ನಿಲ್ಲುವಂತೆ ರಚಿಸಿರುತ್ತಾರೆ, ಆದ್ದರಿಂದ ನನ್ನ ಅನುಮಾನ ಮೊದಲು ಅತ್ತ ಹೋಗುವುದಿಲ್ಲ.

ಒಂಟಿ ಬರ್ನರಿನ ಒಲೆಗಳಲ್ಲಿ ಸಾಮಾನ್ಯವಾಗಿ ಒಂದೇ ಐಜಿಬಿಟಿ ಇರುತ್ತದೆ. ಮನೆಗೆ ಬರುವ 230 ವೋಲ್ಟ್ ಎಸಿ ಬ್ರಿಜ್ ದಾಟಿದ ಮೇಲೆ ಸುಮಾರು 325 ವೋಲ್ಟ್‌ವರೆಗೆ ಏರುತ್ತದೆ. ಕಾಯ್ಲ್ (ಗಾಜಿನ ಕೆಳಗಿನ ತಂತಿಯ ಸುರುಳಿ) ಮತ್ತು ಅದಕ್ಕೆ ಸಮಾನಾಂತರವಾಗಿರುವ ರೆಸೊನೆನ್ಸ್ ಕೆಪಾಸಿಟರ್ ಸೇರಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ವಿದ್ಯುತ್ತನ್ನು ಜೋಕಾಲಿಯಂತೆ ಹಿಂದುಮುಂದು ತೂಗುತ್ತವೆ. ಐಜಿಬಿಟಿ ಜೋಕಾಲಿ ತಳ್ಳುವವರ ಹಾಗೆ, ಜೋಕಾಲಿ ತನ್ನ ಕಡೆಗೆ ಬಂದು ನಿಂತ ಗಳಿಗೆಯಲ್ಲಷ್ಟೇ ತಳ್ಳಬೇಕು. ಪ್ರತಿ ಸಲ ಅದು ಆಫ್ ಆದಾಗ ಅದರ ಕಲೆಕ್ಟರ್ (ಕಾಯ್ಲಿಗೆ ಸೇರಿದ ಕಾಲು) ಮೇಲಿನ ವೋಲ್ಟೇಜ್ ಸಾವಿರದ ಆಸುಪಾಸಿಗೆ ಜಿಗಿಯಬಲ್ಲುದು, ಅದಕ್ಕಾಗಿಯೇ ಇಲ್ಲಿ 1200 ವೋಲ್ಟ್ ತಾಳುವ ಐಜಿಬಿಟಿ ಬಳಸುತ್ತಾರೆ. ಕೆಪಾಸಿಟರಿನ ಮೈಕ್ರೋಫ್ಯಾರಡ್ ಅಳತೆ ಕುಗ್ಗಿದರೆ ಅದೇ ಪ್ರವಾಹಕ್ಕೆ ಈ ಜಿಗಿತ ಇನ್ನೂ ಎತ್ತರಕ್ಕೆ ಹೋಗುತ್ತದೆ, ಐಜಿಬಿಟಿ ಒಡೆಯುತ್ತದೆ. ಅರ್ಧ ನಿಮಿಷ ಓಡಿ ಸುಟ್ಟಿತೆಂಬ ನಿಮ್ಮ ವಿವರಣೆ ಇದಕ್ಕೇ ಹೊಂದುತ್ತದೆ.

ಮುಟ್ಟುವ ಮೊದಲು ಒಂದು ಮಾತು. ಪ್ಲಗ್ ಕಿತ್ತ ಮೇಲೂ 5 ಮೈಕ್ರೋಫ್ಯಾರಡ್‌ನ ಫಿಲ್ಟರ್ ಕೆಪಾಸಿಟರಿನಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರಬಹುದು. ಅದರ ಎರಡು ತುದಿಗಳಿಗೆ ಫಿಲಮೆಂಟ್ ಬಲ್ಬ್ ಹಾಕಿದ ಹೋಲ್ಡರಿನ ತಂತಿಗಳನ್ನು ಹಿಡಿದು ಇಳಿಸಿ, ಮೀಟರಿನಲ್ಲಿ ಸೊನ್ನೆ ಬಂದ ಮೇಲಷ್ಟೇ ಕೈಹಾಕಿ. ಈ ಬೋರ್ಡಿನ ‘ಗ್ರೌಂಡ್’ ಕೂಡ ಮೇನ್ಸ್‌ಗೆ ನೇರವಾಗಿ ಸೇರಿರುತ್ತದೆ, ಕರೆಂಟ್ ಇರುವಾಗ ಅದನ್ನು ಮುಟ್ಟುವಂತಿಲ್ಲ.

ಈಗ ರೆಸೊನೆನ್ಸ್ ಕೆಪಾಸಿಟರಿನ ಒಂದು ಕಾಲನ್ನಾದರೂ ಬೆಸುಗೆಯಿಂದ ಬಿಡಿಸಿ ಅಳೆಯಿರಿ. ಅದರ ಮೈಮೇಲೆ 0.27ರಿಂದ 0.33 ಮೈಕ್ರೋಫ್ಯಾರಡ್ ನಡುವಿನ ಸಂಖ್ಯೆ, ಜೊತೆಗೆ 1200 ವೋಲ್ಟ್ ಎಂದು ಇರುವುದು ಹೆಚ್ಚು. ಫಿಲ್ಟರ್ ಕೆಪಾಸಿಟರನ್ನೂ ಅಳೆಯಿರಿ. ಬಳಿಕ ಕಾಯ್ಲಿನ ತುದಿಗಳಿಂದ ನಿಯಂತ್ರಣ ಭಾಗಕ್ಕೆ ಹೋಗುವ ದೊಡ್ಡ ರೆಸಿಸ್ಟರುಗಳ ಸಾಲನ್ನು ನೋಡಿ. ಬಹಳ ಬೋರ್ಡುಗಳಲ್ಲಿ ಅವು 330 ಕಿಲೋ ಓಮ್‌ನವು. ಜೋಕಾಲಿ ಎಲ್ಲಿದೆಯೆಂದು ಬೋರ್ಡಿಗೆ ಹೇಳುವುದು ಅವೇ. ಅವುಗಳಲ್ಲೊಂದರ ಓಮ್ ಅಳತೆ ಬದಲಾದರೆ ಒಲೆ ಪಾತ್ರೆಯನ್ನೇ ಗುರುತಿಸದೆ ಇರಬಹುದು, ಇಲ್ಲವೇ ತಪ್ಪು ಗಳಿಗೆಯಲ್ಲಿ ಆನ್ ಆಗಿ ಐಜಿಬಿಟಿಯನ್ನು ಸುಡಬಹುದು. ಗೇಟ್‌ಗೆ (ಐಜಿಬಿಟಿಯನ್ನು ಆನ್-ಆಫ್ ಮಾಡುವ ಕಾಲು) ಸೇರಿದ 18 ವೋಲ್ಟ್ ಝೀನರ್ (ವೋಲ್ಟೇಜ್ ಮಿತಿಮೀರದಂತೆ ತಡೆಯುವ ಡಯೋಡ್) ಮತ್ತು ಚಾಲಕ ಟ್ರಾನ್ಸಿಸ್ಟರುಗಳನ್ನೂ ಬಿಡಬೇಡಿ, ಏಕೆಂದರೆ ಐಜಿಬಿಟಿ ಒಡೆದಾಗ ಹೆಚ್ಚಿನ ವೋಲ್ಟೇಜ್ ಗೇಟ್ ದಾರಿಯಲ್ಲಿ ಹಿಂದಕ್ಕೆ ನುಗ್ಗಿರುತ್ತದೆ.

ಪ್ರಶ್ನಿಸಿದವರು

ವಿವರವಾಗಿ ಬರೆದುದಕ್ಕೆ ಕೃತಜ್ಞತೆಗಳು. 0.3 ಎಂದು ಮುದ್ರಿಸಿರುವ ಕೆಪಾಸಿಟರ್ 0.21 ತೋರಿಸುತ್ತಿದೆ. ಫಿಲ್ಟರ್ ಕೆಪಾಸಿಟರ್ 4.8 ಇದೆ. ರೆಸಿಸ್ಟರುಗಳೆಲ್ಲ ಸರಿಯಿವೆ, ಝೀನರ್ ಮಾತ್ರ ಶಾರ್ಟ್ ಆಗಿದೆ. ಹಳೆಯ ಸರ್ಕ್ಯೂಟ್ ಒಂದರಿಂದ ತೆಗೆದ 0.33ರ ಸಾಮಾನ್ಯ ಕೆಪಾಸಿಟರ್ ನನ್ನಲ್ಲಿದೆ, ಅದನ್ನು ಹಾಕಬಹುದೇ? ಎಲ್ಲ ಜೋಡಿಸಿದ ಮೇಲೆ ಐಜಿಬಿಟಿಗೆ ಅಪಾಯವಿಲ್ಲದಂತೆ ಪರೀಕ್ಷಿಸುವುದು ಹೇಗೆ?

ಉತ್ತರ

ಕಾರಣ ಸಿಕ್ಕಿತು. ಸಾಮಾನ್ಯ ಕೆಪಾಸಿಟರನ್ನು ಮಾತ್ರ ಹಾಕಬೇಡಿ. ಇಲ್ಲಿ ಹತ್ತಾರು ಆಂಪಿಯರ್ ಪ್ರವಾಹ ಅತಿವೇಗದಲ್ಲಿ ಹಿಂದುಮುಂದಾಗಿ ಹರಿಯುತ್ತದೆ; ಅದಕ್ಕೆಂದೇ ಮಾಡಿದ ಪಾಲಿಪ್ರೊಪಿಲೀನ್ ಕೆಪಾಸಿಟರ್ ಬೇಕು, ಬೇರೆಯದು ಬಿಸಿಯಾಗಿ ಉಬ್ಬುತ್ತದೆ. ಇಂಡಕ್ಷನ್ ಬಿಡಿಭಾಗ ಮಾರುವ ಅಂಗಡಿಯಲ್ಲಿ 0.3 ಮೈಕ್ರೋಫ್ಯಾರಡ್, 1200 ವೋಲ್ಟ್ ಎಂದೇ ಕೇಳಿ.

ಪರೀಕ್ಷೆಗೆ 100 ವಾಟ್‌ನ ಹಳೆಯ ಫಿಲಮೆಂಟ್ ಬಲ್ಬನ್ನು ಒಲೆಯ ಫೇಸ್ ತಂತಿಗೆ ಸೀರೀಸ್‌ನಲ್ಲಿ ಕೊಡಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಮೊದಲ ಸಲ ಕಾಯ್ಲಿನ ಒಂದು ತಂತಿಯನ್ನು ಬಿಚ್ಚಿಟ್ಟು ಪ್ಲಗ್ ಹಾಕಿ, ಏಕೆಂದರೆ ಐಜಿಬಿಟಿಗೆ 300 ವೋಲ್ಟ್ ತಲಪುವುದೇ ಕಾಯ್ಲಿನ ಮೂಲಕ. ಒಲೆ ಸ್ಟ್ಯಾಂಡ್‌ಬೈಯಲ್ಲಿರುವಾಗ 18 ವೋಲ್ಟ್ ಮತ್ತು 5 ವೋಲ್ಟ್ ಸರಿಯಾಗಿ ಬರುತ್ತಿವೆಯೇ, ಗೇಟ್‌ನಲ್ಲಿ ಸೊನ್ನೆ ಇದೆಯೇ ಎಂದು ನೋಡಿಕೊಳ್ಳಿ. ಗೇಟ್‌ನಲ್ಲಿ ಸದಾ ವೋಲ್ಟೇಜ್ ನಿಂತಿದ್ದರೆ ಚಾಲಕ ಟ್ರಾನ್ಸಿಸ್ಟರ್ ಹೋಗಿದೆ, ಕಾಯ್ಲ್ ಸೇರಿಸಲೇಬಾರದು. ಎಲ್ಲ ಸರಿಯಿದ್ದರೆ ಪ್ಲಗ್ ಕಿತ್ತು, ಚಾರ್ಜ್ ಇಳಿಸಿ, ಕಾಯ್ಲ್ ಜೋಡಿಸಿ, ಮತ್ತೆ ಬಲ್ಬಿನ ಮೂಲಕವೇ ಚಾಲೂ ಮಾಡಿ ಕಬ್ಬಿಣದ ಪಾತ್ರೆ ಇಡಿ. ಬಲ್ಬ್ ಬಿಟ್ಟುಬಿಟ್ಟು ಮಿನುಗಿದರೆ ಒಲೆ ಪಾತ್ರೆಯನ್ನು ಹುಡುಕುತ್ತಿದೆ ಎಂದರ್ಥ, ಅದು ಒಳ್ಳೆಯ ಲಕ್ಷಣ. ಒಂದೇ ಸಮನೆ ಪೂರ್ಣವಾಗಿ ಉರಿದರೆ ಶಾರ್ಟ್ ಇದೆ. ಬಲ್ಬನ್ನು ತೆಗೆಯುವುದು ಇದಾದ ಮೇಲೆ.

ಪ್ರಶ್ನಿಸಿದವರು

ಕೆಪಾಸಿಟರ್, ಝೀನರ್, ಐಜಿಬಿಟಿ ಮೂರನ್ನೂ ಬದಲಿಸಿದೆ. ಬಲ್ಬ್ ತಾವು ಹೇಳಿದಂತೆಯೇ ಮಿನುಗಿತು. ನಿನ್ನೆಯಿಂದ ಒಲೆ ಪೂರ್ಣ ಶಕ್ತಿಯಲ್ಲಿ ನಡೆಯುತ್ತಿದೆ, ಬೆಳಿಗ್ಗೆ ಅದರ ಮೇಲೆಯೇ ಇಡ್ಲಿ ಬೇಯಿಸಿದೆವು.

ಉತ್ತರ

ಬಹಳ ಸಂತೋಷ. ಗಾಜನ್ನು ಕೂರಿಸುವಾಗ ಕಾಯ್ಲಿನ ನಡುವಿನ ಥರ್ಮಿಸ್ಟರ್ (ಶಾಖ ಅಳೆಯುವ ಭಾಗ) ಬಿಳಿ ಪೇಸ್ಟಿನೊಡನೆ ಗಾಜಿಗೆ ಒತ್ತಿಕೊಂಡಿದೆಯೇ ಎಂದು ಇನ್ನೊಮ್ಮೆ ನೋಡಿಬಿಡಿ. ಅಲ್ಲಿ ಸಂದು ಉಳಿದರೆ, ಖಾಲಿ ಪಾತ್ರೆ ಕಾದು ಕೆಂಪಾಗುತ್ತಿದ್ದರೂ ಬೋರ್ಡಿಗೆ ಅದು ತಡವಾಗಿ ತಿಳಿಯುತ್ತದೆ.