ಚಿಮ್ನಿ ಕಾಣುತ್ತೆ, ದಾರಿ ಕಾಣಲ್ಲ

ರಘುವನ್ನು ಕೇಳಿದರೆ ಹಳೇ ಕಾರ್ಖಾನೆ ನೋಡಲು ಹೋಗುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. "ಚಿಮ್ನಿ ಕಾಣುತ್ತಲ್ಲ ಮಾರಾಯ, ಅದರ ಕಡೆ ಸ್ಟೇರಿಂಗ್ ತಿರುಗಿಸಿದರಾಯಿತು."

ಪದ್ಮ ನಕ್ಕಳು. ಅವಳದು ರೈಲಿನ ಪಕ್ಷ. ನಾನು ನಗಲಿಲ್ಲ. ಹೋದ ಸಲ ಆ ಸ್ಟೇರಿಂಗಿನ ಪಕ್ಕದ ಸೀಟಿನಲ್ಲಿ ಕೂತಿದ್ದವನು ನಾನು.

ಆವತ್ತು ಹೊರಟದ್ದು ಒಂದು ಹಳೇ ಬಟ್ಟೆ ಗಿರಣಿಗೆ, ಅದು ಈಗ ಮ್ಯೂಸಿಯಂ. ಹೆಸರು ಬೇಡ ಬಿಡಿ. ಚಿಮ್ನಿ ಕಾಣುತ್ತಿತ್ತು, ಸುಳ್ಳಲ್ಲ. ಮೊದಲು ಎಡಕ್ಕೆ ಕಂಡಿತು, ಆಮೇಲೆ ಬಲಕ್ಕೆ, ಒಂದು ಸಲ ಹಿಂದಿನ ಕನ್ನಡಿಯಲ್ಲೂ ಕಂಡಿತು. ಮಧ್ಯೆ ಒಂದು ಕಾಲುವೆ, ಅದನ್ನು ದಾಟಲು ಸೇತುವೆ ಎಲ್ಲೋ ಆಚೆ. ಕೊನೆಗೆ ಫೋನಿನ ಮ್ಯಾಪು "ನೀವು ತಲುಪಿದ್ದೀರಿ" ಅಂದಾಗ ಎದುರಿಗಿದ್ದದ್ದು ತುಕ್ಕು ಹಿಡಿದ ಗೇಟು. ಅದಕ್ಕೆ ಮುಷ್ಟಿ ಗಾತ್ರದ ಬೀಗ. ಸಂದಿಯಲ್ಲಿ ಇಣುಕಿದರೆ ಒಳಗೆ ಲಾರಿ ತೂಗುವ ವೇಬ್ರಿಜ್, ಅದರ ಕಬ್ಬಿಣದ ಹಲಗೆಗಳ ನಡುವೆ ಮೊಳಕಾಲೆತ್ತರ ಬೆಳೆದ ಗಿಡ. ಅದು ಸರಕಿನ ಗೇಟು. ಮ್ಯಾಪಿಗೆ ಗೊತ್ತಿದ್ದದ್ದು ಅದೊಂದೇ.

"ಹತ್ತಿಯಾಗಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಒಳಗಿರುತ್ತಿದ್ದೆವು" ಎಂದು ಹಿಂದಿನ ಸೀಟಿನಿಂದ ನಾಗೇಶ ಗೊಣಗಿದ್ದ. ಜನರ ಬಾಗಿಲು ಹುಡುಕಿ ಸುತ್ತಿ ಬರುವಷ್ಟರಲ್ಲಿ ಕೊನೆಯ ಟಿಕೆಟ್ ಕೊಟ್ಟಾಗಿತ್ತು.

"ನಾಗೇಶ ಹೇಳಿದ್ದೇ ಸರಿ" ಎಂದಳು ಪದ್ಮ. "ಕಾರ್ಖಾನೆ ಕಟ್ಟಿದವನು ನಿನ್ನ ಕಾರಿಗೆ ಜಾಗ ಬಿಟ್ಟು ಕಟ್ಟಿದನೇನೋ? ನೀರಿನ ಚಕ್ರ ತಿರುಗಬೇಕು ಅಂದರೆ ಕಣಿವೆಗೆ ಇಳಿದ. ಕಲ್ಲಿದ್ದಲು ಬರಬೇಕು ಅಂದರೆ ರೈಲು ಹಳಿಯ ಪಕ್ಕಕ್ಕೆ ಬಂದ. ಜರ್ಮನಿಯ ಫೋಲ್‌ಕ್ಲಿಂಗನ್ ನೋಡು. 1873ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1986ರಲ್ಲಿ ಕುಲುಮೆ ಆರಿಸಿದರು, 1994ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ರೈಲಿಂದ ಇಳಿದರೆ ನಾಲ್ಕು ಹೆಜ್ಜೆ. ಅದೇ ದೇಶದ ಎಸ್ಸೆನ್ ಊರಿನ ಝೋಲ್‌ಫೆರೈನ್ ಕಲ್ಲಿದ್ದಲ ಗಣಿಗೆ ಮುಖ್ಯ ಸ್ಟೇಷನ್‌ನಿಂದ 107ನೇ ನಂಬರಿನ ಟ್ರಾಮ್. ಗಣಿಯ ಹೆಸರಿನದೇ ಸ್ಟಾಪು. ನಿದ್ದೆ ಮಾಡಿಕೊಂಡು ಹೋಗಬಹುದು."

ನಿದ್ದೆ ಎಂದ ಕೂಡಲೇ ನಾಗೇಶ ಕಣ್ಣು ಬಿಟ್ಟ.

ರಘು ಬಿಡುವವನಲ್ಲ. "ಸರಿ, ಐರನ್‌ಬ್ರಿಜ್‌ಗೆ ಹೋಗು ರೈಲಲ್ಲಿ, ನೋಡೋಣ."

ಪದ್ಮ ಒಂದು ಕ್ಷಣ ತಡವರಿಸಿದಳು. ಇಂಗ್ಲೆಂಡಿನ ಐರನ್‌ಬ್ರಿಜ್ ಅಂದರೆ ಕೈಗಾರಿಕಾ ಕ್ರಾಂತಿಯ ತವರುಮನೆ ಇದ್ದ ಹಾಗೆ. 1709ರಲ್ಲಿ ಏಬ್ರಹಾಂ ಡಾರ್ಬಿ ಇದ್ದಿಲು ಬಿಟ್ಟು, ಕಲ್ಲಿದ್ದಲಿನಿಂದ ಮಾಡಿದ ಕೋಕ್ ಉರಿಸಿ ಕಬ್ಬಿಣ ಕರಗಿಸಿದ್ದು ಅದೇ ಕಣಿವೆಯಲ್ಲಿ. ಎರಕದ ಕಬ್ಬಿಣದ ಮೊದಲ ದೊಡ್ಡ ಸೇತುವೆ 1779ರಲ್ಲಿ ಎದ್ದು ನಿಂತದ್ದೂ ಅಲ್ಲೇ. ಇಷ್ಟೆಲ್ಲ ಇದ್ದರೂ ಈಗ ಹತ್ತಿರದ ರೈಲು ನಿಲ್ದಾಣ ಟೆಲ್‌ಫರ್ಡ್‌ನಲ್ಲಿ. ಅಲ್ಲಿಂದ ಬಸ್ಸು ಹಿಡಿಯಬೇಕು. ಸೇತುವೆಯ ಬುಡದಲ್ಲೇ ಒಂದು ಸ್ಟೇಷನ್ ಇತ್ತು, 1963ರಲ್ಲಿ ಮುಚ್ಚಿದರು.

"ಆ ಸ್ಟೇಷನ್ ಜಾಗದಲ್ಲಿ ಈಗ ಏನಿದೆ ಹೇಳು?" ರಘು ಹುಬ್ಬು ಕುಣಿಸಿದ. "ಕಾರ್ ಪಾರ್ಕಿಂಗು!"

ಇಡೀ ವರ್ಷದಲ್ಲಿ ಅವನ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ. ಹಾಳು ಮಾಡಬೇಕಲ್ಲ ಎಂದು ಬೇಜಾರಾಯಿತು, ಆದರೂ ಮಾಡಿದೆ. "ಕಾರು ಅಲ್ಲಿ ನಿಲ್ಲಿಸಬೇಕು ಅಷ್ಟೆ. ಸೇತುವೆ ಮೇಲೆ ಓಡಿಸೋ ಹಾಗಿಲ್ಲ. 1934ರಿಂದ ವಾಹನ ಬಂದ್."

"ಅಂದರೆ ಇಬ್ಬರೂ ನಡೀಬೇಕು" ಎಂದ ನಾಗೇಶ. ಅವನಿಗೆ ನಡೆಯುವುದು ಬೇಡ. ಅದಕ್ಕೇ ಅವನಿಗೆ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ವಿಷಯ ಹೇಳಬೇಡಿ ಎಂದಿದ್ದೆ. ಪದ್ಮ ಹೇಳಿಬಿಟ್ಟಳು. ಲ್ಯಾನಾರ್ಕ್ ಊರಿನವರೆಗೆ ರೈಲಿದೆ, ಗಿರಣಿಗಳು ಕೆಳಗೆ ನದಿಯ ದಂಡೆಯಲ್ಲಿವೆ. ಇಳಿಯುವಾಗ ಹಾಡು ಹೇಳಿಕೊಂಡು ಇಳಿಯಬಹುದು. ವಾಪಸ್ ಬರುವಾಗ ಬಸ್ಸು ತಪ್ಪಿದರೆ ಅದೇ ದಾರಿ ಗೋಡೆ ಆಗಿ ನಿಂತಿರುತ್ತದೆ. ನೀರಿನ ಶಕ್ತಿ ನಂಬಿದ ಗಿರಣಿಗಳ ಕಥೆ ಎಲ್ಲ ಕಡೆ ಇಷ್ಟೇ. ನೀರು ಹರಿಯುವ ಕಡೆ ಅವೂ ಇಳಿದು ಕೂತಿರುತ್ತವೆ.

"ಗಣಿ ಆದರೆ ತಲುಪಿದ ಮೇಲೂ ಪ್ರಯಾಣ ಮುಗಿಯಲ್ಲ" ಎಂದೆ ನಾನು. ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಗೆ ಕ್ರಾಕೋವ್‌ನಿಂದ ಲೋಕಲ್ ರೈಲಿದೆ. ಸ್ಟೇಷನ್ನೂ ಹತ್ತಿರ. ಆದರೆ ಟಿಕೆಟ್ ತಗೊಂಡು ಒಳಗೆ ಹೋದರೆ ಮೊದಲು ಸಿಗುವುದು 380 ಮೆಟ್ಟಿಲು, 64 ಮೀಟರ್ ಆಳಕ್ಕೆ. ಪುಣ್ಯಕ್ಕೆ ಮೇಲೆ ಬರಲು ಲಿಫ್ಟ್.

"ಇಳಿಯೋಕೂ ಲಿಫ್ಟ್ ಇರೋ ಗಣಿ ಇಲ್ವಾ?" ನಾಗೇಶ ಎದ್ದು ಕೂತ.

ಇದೆ. ವೇಲ್ಸಿನ ಬ್ಲೆನಾವನ್‌ನಲ್ಲಿ ಬಿಗ್ ಪಿಟ್. 1980ರಲ್ಲಿ ಗಣಿ ನಿಂತಿತು, 1983ರಲ್ಲಿ ಮ್ಯೂಸಿಯಂ ಆಯಿತು. ಗಣಿಗಾರರು ಇಳಿಯುತ್ತಿದ್ದ ಪಂಜರದಲ್ಲೇ ನಿಲ್ಲಿಸಿ 90 ಮೀಟರ್ ಕೆಳಗೆ ಇಳಿಸುತ್ತಾರೆ. ಆದರೆ ಪಂಜರ ಹತ್ತುವ ಮುಂಚೆ ಬ್ಯಾಟರಿ ಇರುವ ವಸ್ತು ಎಲ್ಲ ಒಪ್ಪಿಸಬೇಕು. ಫೋನು, ಬ್ಯಾಟರಿ ವಾಚು, ಎಲ್ಲ. ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಅನಿಲ ಇರಬಹುದು, ಒಂದು ಕಿಡಿ ಹಾರಿದರೆ ಕಷ್ಟ.

ರಘುವಿನ ಕೈ ತಾನಾಗಿ ಜೇಬಿಗೆ ಹೋಯಿತು. ಅವನ ಕಾರಿನ ಕೀಲಿ ರಿಮೋಟಿನದು.

"ಅದರಲ್ಲೂ ಬ್ಯಾಟರಿ ಇದೆ ಅಲ್ವಾ?" ಎಂದಳು ಪದ್ಮ, ತುಂಬಾ ಮೆತ್ತಗೆ.

"ನಾನು ಮೇಲೇ ಇರ್ತೀನಿ. ನೀವು ನೋಡಿಕೊಂಡು ಬನ್ನಿ."

ಈ ಜಗಳವೇ ಹುಟ್ಟದ ಒಂದು ಜಾತಿಯ ಸ್ಥಳ ಇದೆ. ಅಲ್ಲಿ ವಾಹನವೇ ಪರಂಪರೆ. ನೀಲಗಿರಿ ಬೆಟ್ಟದ ರೈಲು ಹಾಗೆ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್, ಹತ್ತುವಾಗ 4 ಗಂಟೆಗೂ ಜಾಸ್ತಿ. ಕಡಿದಾದ ಜಾಗದಲ್ಲಿ ಇಂಜಿನ್ನಿನ ಹಲ್ಲುಚಕ್ರ ಹಳಿಗಳ ಮಧ್ಯದ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಮೇಲೇರುತ್ತದೆ. 2005ರಲ್ಲಿ ಅದೂ ಯುನೆಸ್ಕೋ ಪಟ್ಟಿಗೆ ಸೇರಿತು. ಅದನ್ನು ನೋಡಲು ಕಾರಲ್ಲಿ ಹೋಗುತ್ತೇನೆ ಎನ್ನುವವನಿಗೆ ಏನು ಹೇಳುವುದು?

"ಕಾರಲ್ಲಿ ಅದರ ಪಕ್ಕದಲ್ಲೇ ಹೋದರೆ ಫೋಟೋ ಚೆನ್ನಾಗಿ ಬರುತ್ತೆ" ಎಂದ ರಘು. ಹೇಳಲಿಕ್ಕೇನೂ ಇಲ್ಲ.

ಕೊನೆಗೆ ಪದ್ಮ ಫೋನ್ ತೆಗೆದಳು. ಗಿರಣಿ ಮ್ಯೂಸಿಯಂಗೆ ಈ ಸಲ ರೈಲಿನಲ್ಲೇ ಹೋಗುವುದು. ಆಮೇಲೆ ಬಸ್ಸು. ವಾಪಸ್ ಬರುವ ಕೊನೇ ಬಸ್ಸಿನ ಸಮಯ ಮೊದಲು ನೋಡಿದಳು, ಹೋಗುವ ಬಸ್ಸಿನದು ಆಮೇಲೆ. ಈ ವಿಷಯದಲ್ಲಿ ಅವಳೇ ಜಾಣೆ. ಇಂಥ ಕಡೆ ಹೋಗುವುದು ಯಾವಾಗಲೂ ಆಗುತ್ತದೆ, ಬರುವುದೇ ಆಗುವುದಿಲ್ಲ. ಕೊನೆಯ ಪ್ರವೇಶ ಎಷ್ಟು ಗಂಟೆಗೆ, ವಾರದ ರಜೆ ಯಾವತ್ತು, ಜನರ ಬಾಗಿಲು ಯಾವ ಬೀದಿಗೆ, ಎಲ್ಲ ಬರೆದುಕೊಂಡಳು.

ರಘು ಬಹಳ ಹೊತ್ತು ಯೋಚಿಸಿದ. "ಸರಿ, ಒಪ್ಪಿದೆ. ಆದರೆ ಸ್ಟೇಷನ್‌ವರೆಗೆ ನಾನು ಕಾರಲ್ಲೇ ಬರ್ತೀನಿ."

"ನಿಮ್ಮ ಮನೆಯಿಂದ ಸ್ಟೇಷನ್ ಎಷ್ಟು ದೂರವೋ?"

"ಎದುರುಗಡೆ. ಯೂ ಟರ್ನ್ ತಗೊಂಡು ಬರಬೇಕು, ಅರ್ಧ ಗಂಟೆ ಇಟ್ಕೊಳ್ಳಿ."